ವಿಮೋಚನೆ ಆಗಿದೆಯೋ, ಇನ್ನೂ ಆಗಬೇಕೋ?

ಪ್ರಶ್ನೆ: ಬೈಬಲಿನ ಎಫೆಸದವರಿಗೆ ಬರೆದ ಪತ್ರಿಕೆ 1:7ರ ಪ್ರಕಾರ ಕ್ರಿಸ್ತನ ರಕ್ತದಿಂದ ನಮಗೆ ವಿಮೋಚನೆ ಆಗಿದೆ. ಅದೇ ಅಧ್ಯಾಯದ 14ನೇ ವಚನ ನೋಡಿದರೆ ಅದು ಮುಂದೆ ಆಗಬೇಕಾದದ್ದು ಅನ್ನಿಸುತ್ತದೆ. ಯಾವುದನ್ನು ನಂಬಬೇಕು? ನಡುವೆ ಬಾಧ್ಯತೆಯ, ಅಂದರೆ ವಂಶದ ಸ್ವತ್ತಿನ ಹಕ್ಕಿನ, ಮಾತು ಏಕೆ ಬಂತು?

ಉತ್ತರ: ಎರಡನ್ನೂ ನಂಬಬೇಕು. ವಿಮೋಚನೆ ಎಂದರೆ ಶಿಕ್ಷೆ ತಪ್ಪಿತು ಎಂದಷ್ಟೇ ಎಣಿಸಿದಾಗ ಈ ಗೊಂದಲ ಹುಟ್ಟುತ್ತದೆ. ವಿಮೋಚನಕಾಂಡ 6ನೇ ಅಧ್ಯಾಯ ತೆರೆದು ನೋಡಿ. 6ನೇ ವಚನದಲ್ಲಿ ದೇವರು ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ದಾಸರಾಗಿದ್ದ ಇಸ್ರಾಯೇಲ್ಯರನ್ನು ಬಿಟ್ಟಿಯ ಕೆಲಸದಿಂದ ಬಿಡಿಸುವೆನೆಂದು ಮಾತು ಕೊಡುತ್ತಾನೆ. 8ನೇ ವಚನದಲ್ಲಿ ಕಾನಾನ್ ದೇಶವನ್ನು ಸ್ವಾಸ್ತ್ಯವಾಗಿ, ಅಂದರೆ ಅವರ ಸ್ವಂತ ಸ್ವತ್ತಾಗಿ, ಕೊಡುವೆನೆನ್ನುತ್ತಾನೆ. ಬಿಡಿಸುವುದೂ ಬಾಧ್ಯರನ್ನಾಗಿ ಮಾಡುವುದೂ ಒಂದೇ ವಾಗ್ದಾನದ ಭಾಗ. ಐಗುಪ್ತವನ್ನು ಬಿಟ್ಟ ರಾತ್ರಿ ಅವರು ಬಿಡುಗಡೆಯಾದದ್ದು ನಿಜ, ಕಾನಾನಿನಲ್ಲಿ ಒಂದು ಗೇಣು ನೆಲವೂ ಇನ್ನೂ ಕೈಗೆ ಬಂದಿರಲಿಲ್ಲ ಎಂಬುದೂ ನಿಜ.

ಇದರ ಕಾನೂನು ಯಾಜಕಕಾಂಡ 25ರಲ್ಲಿದೆ. ಎಫೆಸ ಪತ್ರಿಕೆ ಓದುವ ಮೊದಲು ಆ ಅಧ್ಯಾಯವನ್ನು ನಿಧಾನವಾಗಿ ಓದಲೇಬೇಕು. ಭೂಮಿ ದೇವರದು, ಆದ್ದರಿಂದ ಶಾಶ್ವತವಾಗಿ ಮಾರುವಂತಿಲ್ಲ. ಬಡತನಕ್ಕೆ ಸಿಕ್ಕಿ ಮಾರಿದವನ ಹೊಲವನ್ನು ಸಮೀಪಬಂಧು ಬಿಡಿಸಿಕೊಳ್ಳಬಹುದು. ಮಾರಾಟವಾಗುತ್ತಿದ್ದದ್ದು ನೆಲವಲ್ಲ, ಐವತ್ತು ವರ್ಷಕ್ಕೊಮ್ಮೆ ಬರುವ ಬಿಡುಗಡೆಯ ವರ್ಷವಾದ ಜೂಬಿಲಿ ಸಂವತ್ಸರದವರೆಗಿನ ಬೆಳೆಗಳು. ಜೂಬಿಲಿಗೆ 20 ವರ್ಷ ಇರುವಾಗ ಮಾರಿದ ಹೊಲವನ್ನು 8 ವರ್ಷ ಕಳೆದ ಮೇಲೆ ಬಿಡಿಸುವುದಾದರೆ, ಉಳಿದ 12 ವರ್ಷಗಳ ಹಣ ಹಿಂತಿರುಗಿಸಿದರೆ ಸಾಕು. ಯಾರೂ ಬಿಡಿಸದಿದ್ದರೂ ಜೂಬಿಲಿಯಲ್ಲಿ ಹೊಲ ಮೂಲ ಕುಟುಂಬಕ್ಕೇ ಸೇರುತ್ತಿತ್ತು. ಗೋಡೆಯುಳ್ಳ ಊರಿನ ಮನೆಗೆ ಮಾತ್ರ ಒಂದೇ ವರ್ಷದ ಗಡುವು. ತಪ್ಪಿದರೆ ಅದು ಕೊಂಡವನದೇ. ತನ್ನನ್ನೇ ಮಾರಿಕೊಂಡವನನ್ನು ಬಿಡಿಸುವ ಹಕ್ಕು ಅಣ್ಣತಮ್ಮಂದಿರು, ತಂದೆಯ ಸಹೋದರ, ಅವನ ಮಗ, ಬೇರೆ ಹತ್ತಿರದ ಸಂಬಂಧಿಗೆ ಇತ್ತು. ಕೈಯಲ್ಲಿ ಹಣವಿದ್ದರೆ ತಾನೇ ಬಿಡಿಸಿಕೊಳ್ಳಬಹುದಿತ್ತು.

ಬಿಡಿಸುವವನು ಸಂಬಂಧಿಯಾಗಿರಬೇಕು, ಬೆಲೆ ತೆರಲು ಶಕ್ತನಾಗಿರಬೇಕು, ಮನಸ್ಸೂ ಮಾಡಬೇಕು. ರೂತಳು 4ರಲ್ಲಿ ಕೊನೆಯದೇ ತಪ್ಪಿಹೋಗುತ್ತದೆ. ಬೇತ್ಲೆಹೇಮಿನ ಊರಬಾಗಿಲಲ್ಲಿ ಹತ್ತು ಮಂದಿ ಹಿರಿಯರ ಎದುರು ಬೋವಜನು ತೀರಿಹೋದ ತನ್ನ ಬಂಧು ಎಲೀಮೆಲೆಕನ ಹೊಲದ ಮಾತೆತ್ತುತ್ತಾನೆ. ಬೋವಜನಿಗಿಂತ ಹತ್ತಿರದ ಸಂಬಂಧಿಯೊಬ್ಬ ಕೂಡಲೇ ಒಪ್ಪುತ್ತಾನೆ. ಹೊಲದೊಂದಿಗೆ ಎಲೀಮೆಲೆಕನ ವಿಧವೆ ಸೊಸೆ ರೂತಳನ್ನೂ ತೆಗೆದುಕೊಂಡು ಸತ್ತ ಅವಳ ಗಂಡನ ಹೆಸರು ಉಳಿಸಬೇಕು ಎಂದಾಗ, ತನ್ನ ಸ್ವಾಸ್ತ್ಯಕ್ಕೆ ನಷ್ಟವಾದೀತೆಂದು, ಹಕ್ಕು ಬಿಟ್ಟ ಗುರುತಾಗಿ ಕೆರ (ಪಾದರಕ್ಷೆ) ಕಳಚಿ ಹಿಂದೆ ಸರಿಯುತ್ತಾನೆ. ಇನ್ನೊಬ್ಬರ ಬಾಧ್ಯತೆ ಉಳಿಸಲು ತನ್ನದನ್ನು ಪಣಕ್ಕಿಡಬೇಕು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕ್ರಿಸ್ತನು ನಮ್ಮಂತೆಯೇ ರಕ್ತಮಾಂಸಧಾರಿಯಾದನೆಂದು ಇಬ್ರಿಯರಿಗೆ 2:14 ಒತ್ತಿ ಹೇಳುವುದನ್ನು ಈ ಹಿನ್ನೆಲೆಯಲ್ಲಿ ಓದಬೇಕು: ಸಂಬಂಧಿಯಾಗದೆ ಬಿಡಿಸುವವನಾಗಲು ಸಾಧ್ಯವಿರಲಿಲ್ಲ. ಬೆಲೆ ಬೆಳ್ಳಿಬಂಗಾರವಲ್ಲ, ಆತನ ರಕ್ತ ಎನ್ನುತ್ತದೆ 1 ಪೇತ್ರ 1:18-19.

ಈಗ ನಿಮ್ಮ ವಚನಗಳಿಗೆ ಬನ್ನಿ. 7ನೇ ವಚನದಲ್ಲಿ ಬೆಲೆ ಸಂದಾಯವಾಗಿದೆ, ಪಾಪಗಳು ಕ್ಷಮಿಸಲ್ಪಟ್ಟಿವೆ. 14ನೇ ವಚನದಲ್ಲಿ ಸ್ವತ್ತು ಪೂರ್ತಿಯಾಗಿ ಕೈಗೆ ಬರುವ ದಿನದ ಮಾತು. ಅಲ್ಲಿಯವರೆಗೆ ಪವಿತ್ರಾತ್ಮನೇ ಸಂಚಕಾರ, ಅಂದರೆ ಮುಂಗಡ. ಸಂಚಕಾರ ಬರೀ ಗುರುತಲ್ಲ, ಬರಬೇಕಾದುದರ ಮೊದಲ ಕಂತು. ರೋಮಾಪುರದವರಿಗೆ 8:23 ಉಳಿದಿರುವುದನ್ನು ಹೆಸರಿಟ್ಟು ಹೇಳುತ್ತದೆ: ದೇಹದ ವಿಮೋಚನೆ. ಆದ್ದರಿಂದ ರೋಗ, ಮರಣ ಇನ್ನೂ ಇವೆಯೆಂದ ಮಾತ್ರಕ್ಕೆ ವಿಮೋಚನೆ ಆಗಿಲ್ಲವೆಂದು ಯಾರೂ ಕಂಗೆಡಬೇಕಿಲ್ಲ. ಎಲ್ಲವೂ ಈಗಲೇ ಸಿಗಬೇಕು, ಸಿಗದಿದ್ದರೆ ನಂಬಿಕೆ ಸಾಲದು ಎಂಬ ಬೋಧನೆ 7ನೇ ವಚನವನ್ನು ಹಿಡಿದು 14ನ್ನು ಬಿಟ್ಟಿರುತ್ತದೆ. ನರಳುವವರ ಮೇಲೆ ಅದು ಹೊರಿಸುವ ಭಾರ ಬಲು ಕ್ರೂರ.

ಪ್ರಶ್ನೆ: ಹಾಗಾದರೆ ಆ ಬೆಲೆ ಯಾರಿಗೆ ಸಂದಿತು? ಸೈತಾನನಿಗೆ ಎನ್ನುತ್ತಾರಲ್ಲ?

ಉತ್ತರ: 3ನೇ ಶತಮಾನದಲ್ಲಿ ಕ್ರೈಸ್ತ ಪಂಡಿತ ಓರಿಜೆನ್ ಆ ದಿಕ್ಕಿನಲ್ಲಿ ಬರೆದದ್ದುಂಟು. 4ನೇ ಶತಮಾನದ ಧರ್ಮಾಧ್ಯಕ್ಷ, ನಾಜಿಯಾಂಜಸ್‌ನ ಗ್ರೆಗೊರಿ ಅದನ್ನು ಬಲವಾಗಿ ತಳ್ಳಿಹಾಕಿದ: ಕಳ್ಳನಿಗೆ ಇಂಥ ಬೆಲೆ ಕೊಡುವುದೆಂದರೇನು? ಬೆಲೆ ಪಡೆದವನು ಯಾರೆಂದು ಧರ್ಮಗ್ರಂಥ ಎಲ್ಲೂ ಹೆಸರಿಸುವುದಿಲ್ಲ. ಇಸ್ರಾಯೇಲ್ಯರನ್ನು ಬಿಡಿಸುವಾಗ ಐಗುಪ್ತದ ಅರಸ ಫರೋಹನಿಗೆ ದೇವರು ಒಂದು ಶೆಕೆಲ್ ಬೆಳ್ಳಿ ಕೂಡ ಕೊಡಲಿಲ್ಲ. ಆದರೂ ವಿಮೋಚನಕಾಂಡ ಅದನ್ನು ಬಿಡಿಸುವುದು ಎಂದೇ ಕರೆಯುತ್ತದೆ. ಆ ಮಾತಿನ ಒತ್ತು ಇರುವುದು ಯಾರಿಗೆ ಸಂದಿತೆಂಬುದರ ಮೇಲಲ್ಲ, ಬಿಡಿಸಿದವನು ಎಷ್ಟು ತೆತ್ತನೆಂಬುದರ ಮೇಲೆ.