ಅಪ್ಪನ ಪದ್ಮಿನಿ ಮತ್ತೆ ಓಡುತ್ತಾ?

ಪ್ರಶ್ನೆ: ಅಪ್ಪ ತೀರಿಕೊಂಡ ಮೇಲೆ ಅವರ ಪ್ರೀಮಿಯರ್ ಪದ್ಮಿನಿ ಕಾರು 9 ವರ್ಷದಿಂದ ಶೆಡ್‌ನಲ್ಲೇ ನಿಂತಿದೆ. ಹೊಸ ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಬಹುದಾ ಸರ್?
– ಓದುಗರು, ಮಂಡ್ಯ

ಉತ್ತರ: ದಯವಿಟ್ಟು ಈಗಲೇ ಕೀ ತಿರುಗಿಸಬೇಡಿ. ಹೀಗೇ ನಿಂತಿದ್ದ ಗಾಡಿಯೊಂದಕ್ಕೆ ಆತುರದಲ್ಲಿ ಸೆಲ್ಫ್ ಹೊಡೆದು, ತುಕ್ಕು ಹಿಡಿದ ಪಿಸ್ಟನ್ ರಿಂಗ್ ಮುರಿದಿದ್ದನ್ನು ನಾನೇ ಬಿಚ್ಚಿ ನೋಡಿದ್ದೇನೆ. ತುಂಬಾ ಸಂಕಟ ಆಯ್ತು.

ಮೊದಲು ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ. ಒಂದೊಂದು ತೂತಿಗೂ ಒಂದೆರಡು ಚಮಚ ಇಂಜಿನ್ ಆಯಿಲ್ ಬಿಟ್ಟು ಎರಡು ದಿನ ಹಾಗೇ ಇರಲಿ. ಆಮೇಲೆ ನ್ಯೂಟ್ರಲ್‌ನಲ್ಲಿಟ್ಟು, ಕ್ರ್ಯಾಂಕ್ ಪುಲ್ಲಿಯ (ಇಂಜಿನ್‌ನ ಬೆಲ್ಟ್ ತಿರುಗಿಸುವ ಕೆಳಗಿನ ಚಕ್ರ) ನಟ್‌ಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ನಿಧಾನಕ್ಕೆ ತಿರುಗಿಸಿ. ಬಿಗಿಯಾಗಿದ್ದರೆ ಜಾಸ್ತಿ ಬಲ ಹಾಕಬೇಡಿ, ಇನ್ನೆರಡು ದಿನ ಕಾಯಿರಿ.

ಹಳೇ ಪೆಟ್ರೋಲ್ ಪೂರ್ತಿ ಇಳಿಸಿ. ಆಲೆಮನೆ ಕೊಪ್ಪರಿಗೆಯ ತಳ ನೋಡಿದ್ದೀರಲ್ವಾ? ಪೆಟ್ರೋಲ್-ಗಾಳಿ ಬೆರೆಸುವ ಕಾರ್ಬುರೇಟರ್ ಒಳಗೂ ಅದೇ ಬಣ್ಣ, ಅದೇ ಅಂಟು ಕಟ್ಟಿರುತ್ತದೆ. ಬಿಚ್ಚಿ ತೊಳೆಯಲೇಬೇಕು. ಇಂಜಿನ್ ಆಯಿಲ್ ಹೊಸದು ಹಾಕಿ. ಇಲಿ ವೈರ್ ಕಡಿದಿದೆಯಾ ನೋಡಿ, ಆಮೇಲೆ ಬ್ಯಾಟರಿ.

ಸ್ಟಾರ್ಟ್ ಆದ ತಕ್ಷಣ ರಸ್ತೆಗೆ ತರಬೇಡಿ. ಬ್ರೇಕ್‌ನ ರಬ್ಬರ್ ಸೀಲ್, ಹೋಸ್, ಟೈರ್ ಎಲ್ಲ ಬದಲಿಸಿ. ಆರ್‌ಸಿ ಅವಧಿ 15 ವರ್ಷ ದಾಟಿದ್ದರೆ ಆರ್‌ಟಿಒದಲ್ಲಿ ನವೀಕರಿಸಿ. ಅಪ್ಪನ ಸೀಟ್ ಕವರ್ ಮಾತ್ರ ಹಾಗೇ ಉಳಿಸಿಕೊಳ್ಳಿ.