ಕಾದಂಬರಿಯ ಒಂದು ಭಾಗದ ಬಗ್ಗೆ ವಿಶ್ಲೇಷಣೆ ಬರೆಯಲು ಹೋದರೆ ಅದು ಕಥಾಸಾರಾಂಶವೇ ಆಗಿಬಿಡುತ್ತದೆ, ಯಾಕೆ?

‘ಏನು ನಡೆಯಿತು’ ಎಂಬ ಪ್ರಶ್ನೆಗೆ ಉತ್ತರ ಬರೆಯುತ್ತಿರುವುದರಿಂದ. ವಿಶ್ಲೇಷಣೆಯ ಪ್ರಶ್ನೆ ಬೇರೆ: ಇದನ್ನು ಹೀಗೇ, ಇದೇ ಕ್ರಮದಲ್ಲಿ ಯಾಕೆ ಹೇಳಿದ್ದಾರೆ?

ಅನಂತಮೂರ್ತಿಯವರ ‘ಸಂಸ್ಕಾರ’ದ (1965) ಆರಂಭ ನೋಡಿ. ಪ್ರಾಣೇಶಾಚಾರ್ಯರು ರೋಗಿಷ್ಠ ಹೆಂಡತಿ ಭಾಗೀರಥಿಗೆ ಸ್ನಾನ ಮಾಡಿಸುತ್ತಾರೆ, ಮಡಿ ಉಡಿಸುತ್ತಾರೆ, ಗಂಜಿ ತರುತ್ತಾರೆ. ಇಷ್ಟೇ ಬರೆದರೆ ಸಾರಾಂಶ. ಆದರೆ ಆರೈಕೆಯೂ ಪೂಜೆಯೂ ಅಲ್ಲಿ ಒಂದೇ ಸರಪಳಿಯಲ್ಲಿ ಬರುತ್ತವೆ. ದಾಂಪತ್ಯವೇ ಒಂದು ವ್ರತವಾಗಿದೆ. ಸ್ವಲ್ಪದರಲ್ಲೇ, ಅಗ್ರಹಾರದ ಆಚಾರವನ್ನೆಲ್ಲ ಬಿಟ್ಟಿದ್ದ ನಾರಣಪ್ಪ ಸತ್ತ ಸುದ್ದಿಯನ್ನು ಅವನ ಜೊತೆ ಬಾಳುತ್ತಿದ್ದ ಚಂದ್ರಿ ತರುತ್ತಾಳೆ. ಆ ಶವಕ್ಕೆ ಸಂಸ್ಕಾರ ಮಾಡುವವರೇ ಇಲ್ಲ. ಕ್ರಿಯಾವಿಧಿ ತಪ್ಪದ ಮನೆಗೆ ಕ್ರಿಯೆಯೇ ಇಲ್ಲದ ಹೆಣದ ಸುದ್ದಿ! ನಿಮ್ಮ ವಾದ ಹುಟ್ಟಬೇಕಾದದ್ದು ಇಲ್ಲಿ.

ಹತ್ತು ಹದಿನೈದು ಸಾಲಿಗಿಂತ ದೊಡ್ಡ ಭಾಗ ಆರಿಸಬೇಡಿ. ಎರಡನೇ ಓದಿನಲ್ಲಿ ಕ್ರಿಯಾಪದ, ವಿಶೇಷಣಗಳಿಗೆ ಪೆನ್ಸಿಲ್‌ನಿಂದ ಗೆರೆ ಎಳೆಯಿರಿ. ಒಂದು ಪದ ತೆಗೆದು ಸಾದಾ ಪದ ಹಾಕಿ ನೋಡಿ, ಏನು ಕಳೆದುಹೋಯಿತೋ ಅದೇ ನಿಮ್ಮ ಟಿಪ್ಪಣಿ. ಮೊದಲ ಪ್ಯಾರಾದಲ್ಲೇ ವಾದವನ್ನು ಒಂದು ವಾಕ್ಯದಲ್ಲಿ ಹೇಳಿ. ಉಲ್ಲೇಖ ನಾಲ್ಕೈದು ಪದ ಸಾಕು, ಅದರ ಹಿಂದೆ ಕನಿಷ್ಠ ಎರಡು ವಾಕ್ಯ ನಿಮ್ಮದಿರಲಿ. ಉದ್ದುದ್ದ ಉಲ್ಲೇಖ ಕೊಟ್ಟಾಗಲೇ ಪ್ರಬಂಧ ಮತ್ತೆ ಸಾರಾಂಶಕ್ಕೆ ಜಾರುವುದು.