ಮಸುಕಾದ ಸೂರಕ್ಕಿ ಮತ್ತು ಇತರ ದೂರುಗಳು

ಪ್ರಶ್ನೆ: ಸಾಲ ಮಾಡಿ 150–600 ಎಂಎಂ ಲೆನ್ಸ್ ತಗೊಂಡೆ. ತಾರಸಿಯಿಂದ ದಾಸವಾಳಕ್ಕೆ ಬರುವ ಸೂರಕ್ಕಿಯ ಚಿತ್ರ ತೆಗೆದರೆ ಹತ್ತರಲ್ಲಿ ಒಂಬತ್ತು ಮಸುಕು. ಲೆನ್ಸೇ ಸರಿಯಿಲ್ಲವಾ? ಅಂಗಡಿಯವರು ಕ್ಯಾಲಿಬ್ರೇಷನ್ (ಕ್ಯಾಮೆರಾಗೂ ಲೆನ್ಸಿಗೂ ಫೋಕಸ್ ಹೊಂದಿಸುವುದು) ಮಾಡಿಸಿ ಅಂತಾರೆ.

ಉತ್ತರ: ಈ ಪ್ರಶ್ನೆ ಬಾರದ ತಿಂಗಳಿಲ್ಲ. ಮಸುಕು ಅಂದರೆ ಯಾವ ಮಸುಕು ಎಂದು ಮಾತ್ರ ಯಾರೂ ಬರೆಯುವುದಿಲ್ಲ. ಚಿತ್ರವನ್ನು ನೂರು ಪರ್ಸೆಂಟಿಗೆ ಹಿಗ್ಗಿಸಿ, ಹಕ್ಕಿಯನ್ನು ಬಿಟ್ಟು ಅದು ಕೂತ ಕಡ್ಡಿಯನ್ನು ನೋಡಿ. ಕಡ್ಡಿ ಸ್ಪಷ್ಟವಾಗಿದ್ದು ಹಕ್ಕಿಯ ತಲೆ ಮಾತ್ರ ಕಲಸಿದ್ದರೆ ಷಟರ್ (ಬೆಳಕಿಗೆ ತೆರೆದು ಮುಚ್ಚುವ ಪರದೆ) ನಿಧಾನವಾಗಿದೆ. ಕಡ್ಡಿ, ಎಲೆ, ಹಕ್ಕಿ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ನಿಮ್ಮ ಕೈ ನಡುಗಿದೆ. ಹಿಂದಿನ ಎಲೆಯ ನರ ಎಣಿಸುವಷ್ಟು ಸ್ಪಷ್ಟ, ಹಕ್ಕಿ ಮಾತ್ರ ಅಲ್ಲ ಎಂದರೆ ಫೋಕಸ್ ತಪ್ಪಿದೆ. ಎಲ್ಲವೂ ನೀರೊಳಗಿಂದ ಕಂಡಂತಿದ್ದರೆ ಅದು ಬಿಸಿಗಾಳಿಯ ಕೆಲಸ. ಒಂಬತ್ತು ಗಂಟೆ ಕಳೆದ ಮೇಲೆ ಕಾದ ತಾರಸಿಯ ಮೇಲಿಂದಲೋ ತಗಡಿನ ಶೀಟಿನ ಮೇಲಿಂದಲೋ ತೆಗೆದ ಚಿತ್ರಗಳಿಗೆ ಇದೇ ಗತಿ. ಇದಕ್ಕೆ ಯಾವ ಲೆನ್ಸಿನಲ್ಲೂ ಮದ್ದಿಲ್ಲ. ಬೇಗ ಏಳಿ.

ಈಗ ನಿಜವಾದ ರೋಗಕ್ಕೆ ಬರೋಣ: ದೂರ. ಸೂರಕ್ಕಿ ಇರುವುದೇ ಹತ್ತು ಸೆಂಟಿಮೀಟರ್. ಅದು 25 ಮೀಟರ್ ದೂರದಲ್ಲಿದ್ದರೆ 600 ಎಂಎಂನಲ್ಲೂ ಚಿತ್ರ ಹಿಡಿಯುವ ಸೆನ್ಸರಿನ ಮೇಲೆ ಅದರ ಬಿಂಬ ಬರೀ 2.4 ಮಿಲಿಮೀಟರ್. ಎಪಿಎಸ್-ಸಿ ಎಂಬ ಅಳತೆಯ ಸೆನ್ಸರಿನ ಅಗಲದಲ್ಲಿ ಅದು ಹತ್ತನೇ ಒಂದು ಪಾಲು. ಅದನ್ನು ಕತ್ತರಿಸಿ ಹಿಗ್ಗಿಸಿದರೆ ಗರಿ ಕಾಣದು, ಹಿಟ್ಟು ಕಲಸಿದಂತೆ ಕಾಣುತ್ತದೆ. ಅದೇ ಹಕ್ಕಿ ಆರು ಮೀಟರಿಗೆ ಬಂದರೆ ಬಿಂಬ ಒಂದು ಸೆಂಟಿಮೀಟರ್ ಆಗುತ್ತದೆ. ಆದ್ದರಿಂದ ನೀವು ಹಕ್ಕಿಯ ಹಿಂದೆ ಓಡುವುದು ಬಿಟ್ಟು ಅದೇ ನಿಮ್ಮ ಬಳಿ ಬರುವಂತೆ ಮಾಡಿ.

ಕಿಟಕಿಯಿಂದ ಐದಾರು ಮೀಟರ್ ದೂರಕ್ಕೆ ದಾಸವಾಳದ ಕುಂಡ ತಂದಿಡಿ. ಪಕ್ಕದಲ್ಲಿ ಹೂವಿನಿಂದ ಒಂದಡಿ ಮೇಲಕ್ಕೆ ಬೆರಳಿಗಿಂತ ಸಪೂರದ ಒಣ ರೆಂಬೆ ಕಟ್ಟಿ. ಹೂವಿಗೆ ಬಾಯಿ ಹಾಕುವ ಮೊದಲು ಸೂರಕ್ಕಿ ಅಲ್ಲಿ ಕೂರುತ್ತದೆ, ನಿಮ್ಮ ಚಿತ್ರ ಅದೇ. ರೆಂಬೆಯ ಹಿಂದೆ ನಾಲ್ಕೈದು ಮೀಟರ್ ಖಾಲಿ ಇರಲಿ. ಕಾಂಪೌಂಡ್ ಗೋಡೆಗೆ ಒತ್ತಿ ಇಟ್ಟರೆ ಸಿಮೆಂಟಿನ ಕಲೆಗಳೂ ಚಿತ್ರಕ್ಕೆ ಬಂದು ಕೂರುತ್ತವೆ. ಕಿಟಕಿ ತೆರೆದೇ ಇರಬೇಕು. ಗಾಜಿನ ಮೂಲಕ, ಅದರಲ್ಲೂ ಓರೆಯಾಗಿ, ಉದ್ದ ಲೆನ್ಸಿನಲ್ಲಿ ತೆಗೆದರೆ ಅಂಚುಗಳು ಎರಡೆರಡಾಗುತ್ತವೆ. ಕಿಟಕಿಗೆ ಹಳೆಯ ಗಾಢ ಬಣ್ಣದ ಬೆಡ್‌ಶೀಟ್ ಕಟ್ಟಿ, ಲೆನ್ಸಿನ ಮೂತಿ ತೂರುವಷ್ಟು ತೂತು ಮಾಡಿ, ಕೋಣೆಯ ದೀಪ ಆರಿಸಿ. ಬಟ್ಟೆಯನ್ನು ಮೂರು ನಾಲ್ಕು ದಿನ ಮೊದಲೇ ಕಟ್ಟಿರಿ, ಹಕ್ಕಿಗೂ ಅಭ್ಯಾಸವಾಗಬೇಕಲ್ಲ. ಪೂರ್ವದ ಕಿಟಕಿಯಲ್ಲಿ ಬೆಳಿಗ್ಗೆ ಸೂರ್ಯ ಹಕ್ಕಿಯ ಬೆನ್ನಿಗಿರುತ್ತಾನೆ, ಸಿಗುವುದು ಕಪ್ಪು ಗೊಂಬೆ. ಉತ್ತರದ ಕಿಟಕಿ ಇದ್ದರೆ ವರ್ಷದ ಬಹುಪಾಲು ಅದೇ ಮೇಲು.

ಸೆಟ್ಟಿಂಗ್: ಕೂತ ಸೂರಕ್ಕಿಗೂ ಷಟರ್ ಸೆಕೆಂಡಿನ 1/1250 ಬೇಕು. ಅದರ ಕತ್ತು ಒಂದು ಕ್ಷಣ ನಿಂತಲ್ಲಿ ನಿಲ್ಲುವುದಿಲ್ಲ. ಹೂವಿನ ಮುಂದೆ ರೆಕ್ಕೆ ಬಡಿಯುತ್ತಾ ತೇಲುವಾಗ 1/3200. ಸ್ಟೆಬಿಲೈಸರ್ ನಿಮ್ಮ ಕೈ ನಡುಕ ತಡೆಯುತ್ತದೆ, ಹಕ್ಕಿಯ ಚಲನೆಯನ್ನಲ್ಲ. ‘ಸ್ಟೆಬಿಲೈಸರ್ ಇದೆಯಲ್ಲ’ ಎಂದು 1/250ರಲ್ಲಿ ತೆಗೆಯುವವರೇ ಈ ಅಂಕಣಕ್ಕೆ ಹೆಚ್ಚು ಬರೆಯುವುದು. ಐಎಸ್‌ಒ (ಬೆಳಕಿಗೆ ಸೆನ್ಸರ್ ಎಷ್ಟು ಚುರುಕು ಎಂಬ ಅಂಕಿ) ಆಟೊ ಇರಲಿ, ಮೇಲ್ಮಿತಿ 3200 ಅಥವಾ 6400. ಕಾಳುಕಾಳು ಕಂಡರೆ ಆಮೇಲೆ ಕಡಿಮೆ ಮಾಡಬಹುದು, ಅಲುಗಿದ್ದನ್ನು ಸರಿಮಾಡಲಾಗದು. ಆರು ಮೀಟರಿನಲ್ಲಿ 600 ಎಂಎಂ, ಎಫ್/6.3 (ಲೆನ್ಸಿನ ಬಾಯಿ ತೆರೆದ ಅಳತೆ, ಅಂಕಿ ಹೆಚ್ಚಿದಷ್ಟು ಬಾಯಿ ಕಿರಿದು) ಇಟ್ಟರೆ ಸ್ಪಷ್ಟವಾಗಿ ಬರುವ ಆಳ ಎರಡೂವರೆ ಸೆಂಟಿಮೀಟರ್ ಅಷ್ಟೇ. ಹಾಗಾಗಿ ಒಂದೇ ಫೋಕಸ್ ಬಿಂದು, ಅದೂ ಕಣ್ಣಿನ ಮೇಲೆ. ಬೆಳಕು ಚೆನ್ನಾಗಿದ್ದರೆ ಎಫ್/8.

ಎಷ್ಟು ದೂರದಿಂದ ಫೋಕಸ್ ಹುಡುಕಬೇಕೆಂದು ಮಿತಿ ಹಾಕುವ, ಲೆನ್ಸಿನ ಬದಿಯ ಫೋಕಸ್ ಲಿಮಿಟರ್ ಸ್ವಿಚ್ಚನ್ನೂ ನೋಡಿ. ಅದು ‘10 ಮೀಟರಿಂದ ಅನಂತ’ದಲ್ಲಿದ್ದರೆ ಆರು ಮೀಟರಿನ ಹಕ್ಕಿಗೆ ಲೆನ್ಸ್ ಹಿಂದಕ್ಕೂ ಮುಂದಕ್ಕೂ ಹುಡುಕಾಡುತ್ತಲೇ ಇರುತ್ತದೆ, ನೀವು ಕಂಪನಿಯನ್ನು ಬೈಯುತ್ತಲೇ ಇರುತ್ತೀರಿ. ಲೆನ್ಸಿನ ಮೂತಿಗೆ ತಿರುಗಿಸಿ ಕೂರಿಸಿದ ಇನ್ನೂರು ರೂಪಾಯಿಯ ಯುವಿ ಫಿಲ್ಟರನ್ನು ಕಳಚಿ ಬದಿಗಿಡಿ, ಅಗ್ಗದ ಗಾಜೂ ಮಸುಕು ತರುತ್ತದೆ.

ಕ್ಯಾಲಿಬ್ರೇಷನ್ನಿಗೆ ದುಡ್ಡು ಕೊಡುವ ಮೊದಲು ಗೋಡೆಗೆ ಪತ್ರಿಕೆಯ ಹಾಳೆ ಅಂಟಿಸಿ. ಟ್ರೈಪಾಡ್ ಮೇಲಿಂದ, ಸ್ಟೆಬಿಲೈಸರ್ ಆರಿಸಿ, ಕಣ್ಣಿಟ್ಟು ನೋಡುವ ವ್ಯೂಫೈಂಡರಿನಲ್ಲಿ ಹತ್ತು ಚಿತ್ರ, ಲೈವ್ ವ್ಯೂನಲ್ಲಿ (ಹಿಂದಿನ ಪರದೆ ನೋಡಿ) ಹತ್ತು ಚಿತ್ರ ತೆಗೆಯಿರಿ. ಮೊದಲ ಹತ್ತೂ ಮಸುಕಾಗಿ ಎರಡನೆಯ ಹತ್ತೂ ಸ್ಪಷ್ಟವಾಗಿದ್ದರೆ ಮಾತ್ರ ಅಂಗಡಿಯವರು ಹೇಳಿದ್ದರಲ್ಲಿ ಹುರುಳಿದೆ. ಕ್ಯಾಮೆರಾ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ್ದು) ಆಗಿದ್ದರೆ ಈ ಮಾತೇ ಬೇಡ, ಅದು ಸೆನ್ಸರಿನಿಂದಲೇ ಫೋಕಸ್ ಮಾಡುತ್ತದೆ.

ಪ್ರಶ್ನೆ: ಬಾಲ್ಕನಿಯ ಕುಂಡದಲ್ಲಿ ಪಿಕಳಾರ ಗೂಡು ಕಟ್ಟಿದೆ. ಎಲೆ ಅಡ್ಡ ಬರುತ್ತಿದೆ, ಎರಡು ರೆಂಬೆ ಕತ್ತರಿಸಬಹುದೇ?

ಉತ್ತರ: ಕೂಡದು. ಆ ಎಲೆಯೇ ಮರಿಗಳ ಕೊಡೆ, ಕಾಗೆ ಕೆಂಬೂತಗಳಿಂದ ಅಡಗಿಸುವ ಪರದೆಯೂ ಅದೇ. ತೆಗೆದರೆ ಗರಿ ಮೂಡದ ಮರಿಗಳು ಬಿಸಿಲಿಗೆ ಸಾಯುತ್ತವೆ. ಗರಿ ಬಂದ ಮರಿಗಳ ಹತ್ತಿರ ಹೋದರೆ ಹೆದರಿ, ಹಾರಲು ಬಾರದಿದ್ದರೂ ಹೊರಕ್ಕೆ ಜಿಗಿಯುತ್ತವೆ. ಕುಂಡಕ್ಕೆ ನೀರನ್ನು ಬುಡದಲ್ಲಿ ನಿಧಾನವಾಗಿ ಹಾಕಿ. ಮೊಟ್ಟೆ ಇಟ್ಟಲ್ಲಿಂದ ಮರಿ ಹಾರುವವರೆಗೆ ಹೆಚ್ಚುಕಡಿಮೆ ನಾಲ್ಕು ವಾರ, ಅಷ್ಟು ದಿನ ಬಟ್ಟೆ ಬೇರೆ ಕಡೆ ಒಣಗಿಸಿ. ಗೂಡಿನ ಚಿತ್ರವನ್ನು ಈ ಅಂಕಣಕ್ಕೆ ಕಳಿಸಬೇಡಿ, ನೋಡುವುದಿಲ್ಲ.

ಪ್ರಶ್ನೆ: ಕೆಳಗೆ ಬಿದ್ದ ಮರಿಯನ್ನು ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲವಂತೆ, ಹೌದೇ?

ಉತ್ತರ: ಸುಳ್ಳು. ಮೈಗೆ ಗರಿ ಬಂದು ಕುಪ್ಪಳಿಸುತ್ತಿದ್ದರೆ ಪಕ್ಕದ ಪೊದೆಯ ಮೇಲಿಟ್ಟು ಬೆಕ್ಕು ನಾಯಿಗಳನ್ನು ದೂರವಿಡಿ, ತಂದೆ ತಾಯಿ ಅಲ್ಲೇ ಎಲ್ಲೋ ಇವೆ. ಬೋಳುಮೈಯದ್ದಾದರೆ ಗೂಡಿಗೇ ಇಡಿ. ಹಾಲು ಕುಡಿಸಬೇಡಿ, ಬಾಯಿಗೆ ನೀರು ಸುರಿಯಬೇಡಿ. ಬದುಕಬಹುದಾದ ಎಷ್ಟೋ ಮರಿಗಳನ್ನು ಈ ಕರುಣೆಯೇ ಕೊಲ್ಲುತ್ತದೆ.

ಪ್ರಶ್ನೆ: ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬಹುದೇ?

ಉತ್ತರ: ಬೇಡ. ಗಂಡು ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದೆಯೆಂದು ಮೇವು, ಮರಿ ಬಿಟ್ಟು ಜಗಳಕ್ಕೆ ಬರುತ್ತದೆ. ನಿಮಗೆ ಒಂದು ಚಿತ್ರ, ಅದಕ್ಕೆ ಒಂದು ಹೊತ್ತಿನ ನಷ್ಟ.

ಪ್ರಶ್ನೆ: ಮೈತುಂಬ ಬಿಳಿ ಚುಕ್ಕೆ, ಕೆಂಪು ಕಣ್ಣು, ಉದ್ದ ಬಾಲ. ಇದು ಯಾವ ಅಪರೂಪದ ಗಿಡುಗ?

ಉತ್ತರ: ಹೆಣ್ಣು ಕೋಗಿಲೆ. ಕುಹೂ ಎಂದು ಹಾಡುವ ಕಪ್ಪು ಹಕ್ಕಿ ಅದರ ಗಂಡ.

ಪ್ರಶ್ನೆ: ನೀರಿನ ಬಟ್ಟಲಿಟ್ಟರೂ ಹಕ್ಕಿ ಬರುತ್ತಿಲ್ಲ.

ಉತ್ತರ: ನಯವಾದ ಸ್ಟೀಲ್ ಪಾತ್ರೆ ಇಟ್ಟಿದ್ದೀರಿ ಎಂದುಕೊಳ್ಳುತ್ತೇನೆ, ಅದರ ಅಂಚಿನಲ್ಲಿ ಕಾಲು ಜಾರುತ್ತದೆ. ಒರಟು ಮಣ್ಣಿನ ತಟ್ಟೆ, ಆಳ ಎರಡು ಇಂಚು ಮೀರದಿರಲಿ, ನಡುವೆ ಒಂದು ಕಲ್ಲು. ಪೊದೆಯಿಂದ ಎರಡು ಮೀಟರ್ ದೂರ: ಬೆಕ್ಕಿಗೆ ಹೊಂಚಲು ಜಾಗವಿರಬಾರದು, ಹಕ್ಕಿಗೆ ಹಾರಿ ಅಡಗಲು ಇರಬೇಕು. ನೀರು ದಿನವೂ ಬದಲಿಸಿ.

ಪ್ರಶ್ನೆ: ಗೂಬೆ ತಾರಸಿಯ ಮೇಲೆ ಕೂತಿತ್ತು. ಶಾಂತಿ ಮಾಡಿಸಬೇಕಂತೆ.

ಉತ್ತರ: ನಿಮ್ಮ ಬೀದಿಯಲ್ಲಿ ಇಲಿ ಹೆಚ್ಚಾಗಿವೆ. ಶಾಂತಿಯ ದುಡ್ಡಿನಲ್ಲಿ ಕಸದ ಡಬ್ಬಿಗೆ ಮುಚ್ಚಳ ಕೊಳ್ಳಿ.

ಪ್ರಶ್ನೆ: ಮಡಿವಾಳ ಹಕ್ಕಿ ಬೆಳಿಗ್ಗೆಯಿಂದ ಬೈಕಿನ ಕನ್ನಡಿ ಕುಕ್ಕುತ್ತಿದೆ. ಹುಚ್ಚೇ?

ಉತ್ತರ: ಹುಚ್ಚಲ್ಲ, ಕನ್ನಡಿಯಲ್ಲಿ ಎದುರಾಳಿಯನ್ನು ಕಂಡಿದೆ. ಕನ್ನಡಿಗೆ ಹಳೆಯ ಕಾಲುಚೀಲ ತೊಡಿಸಿ.